ಬಟ್ಟಲು ತುಂಬಿದ ದಿನ

ಮಧ್ಯಾಹ್ನ ಹನ್ನೆರಡಕ್ಕೆ ತೆರೆಯಬೇಕಿದ್ದ ಹೊಸ ಆನ್‌ಲೈನ್ ಆಟ ಎರಡೂವರೆಯಾದರೂ ತೆರೆದಿರಲಿಲ್ಲ. 'ಸರ್ವರ್ ಕೆಟ್ಟಿದೆ, ದಯವಿಟ್ಟು ತಾಳ್ಮೆಯಿಂದಿರಿ' ಎಂದು ಕಂಪನಿಯವರು ಮೂರು ಸಲ ಹಾಕಿದ್ದರು. ತಾಳ್ಮೆಯಂತೆ ತಾಳ್ಮೆ. ಆರು ತಿಂಗಳಿಂದ ಡಂಗುರ ಸಾರಿದವರಿಗೆ ಬಾಗಿಲಿಗೆ ಎಷ್ಟು ಜನ ಬಂದಾರು ಎಂಬ ಅಂದಾಜೂ ಇರಬಾರದೇ? ಕರಕೋಲ್ ಊರಿನ ಒಂದು ಮನೆಯಲ್ಲಿ, ಪರದೆ ಕಟ್ಟಿದ ಮೂಲೆಯಲ್ಲಿ, ಜಿಪಾರ್ ಕಂಪ್ಯೂಟರಿನ ಮುಂದೆ ಕೈಕಟ್ಟಿಕೊಂಡು ಕೂತಿದ್ದಳು. ಸಾಲಿನಲ್ಲಿ ಅವಳ ಮುಂದೆ ಹದಿನಾಲ್ಕು ಸಾವಿರ ಜನರಿದ್ದರು.

ಕೈಕಟ್ಟಿದ್ದಕ್ಕೆ ಕಾರಣವಿತ್ತು. ತಡೆಯಲಾರದೆ ಒಂದು ಗುಂಡಿ ಒತ್ತಿದರೂ ಸಾಲಿನ ಬಾಲಕ್ಕೆ ಹೋಗಿ ಬೀಳಬೇಕು. ಫೋನಿನಲ್ಲಿ ಅವಳ ತಂಡದ ಹುಡುಗಿಯೊಬ್ಬಳು ಆಗಲೇ ಅಳುವ ದನಿ ತೆಗೆದಿದ್ದಳು.

"ಅಕ್ಕಾ, ನಂದು ಅಲ್ಲಾಡ್ತಾನೇ ಇಲ್ಲ. ಒಂದೇ ಒಂದ್ಸಲ ಒತ್ತಿ ನೋಡ್ಲಾ?"

"ಒತ್ತಿದ್ಯೋ ಕೆಟ್ಟೆ. ಕೈ ಸುಮ್ನಿರಲ್ಲ ಅಂದ್ರೆ ಅದರ ಮೇಲೇ ಕೂತ್ಕೋ."

ಹೇಳಿದ್ದು ಧೈರ್ಯವಾಗಿಯೇ. ಆದರೆ ಅವಳ ಕಣ್ಣು ಸಾಲಿನ ಅಂಕಿಯಿಂದ ಕದಲಲಿಲ್ಲ. ಹಳೆಯ ಆಟ ಮುಚ್ಚಿಹೋಗಿತ್ತು. ಹೊಸದರಲ್ಲಿ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು, ಹೆಸರೂ ಮೊದಲು ಬಂದವರ ಪಾಲು, ಒಮ್ಮೆ ಬರೆದದ್ದು ಬದಲಾಗದು. ಹದಿನಾರರ ವಯಸ್ಸಿನಲ್ಲಿ ಸಂತೆಪೇಟೆಯ ಕಂಪ್ಯೂಟರ್ ಕ್ಲಬ್ಬಿನಲ್ಲಿ ಕಸ ಗುಡಿಸುತ್ತಾ ಆಟ ಕಲಿತವಳು ಜಿಪಾರ್. ಆಗ ಇಟ್ಟುಕೊಂಡ ಹೆಸರು ಅಕ್‌ಶುಮ್ಕಾರ್, ಬಿಳಿ ಗಿಡುಗ. ಒಂಬತ್ತು ವರ್ಷ ಆ ಹೆಸರಿನಲ್ಲಿ ಹನ್ನೆರಡು ಜನರ ತಂಡ ನಡೆಸಿದ್ದಳು. ಮದುವೆಯಾಗಿ ಈ ಮನೆಗೆ ಬಂದ ಮೇಲಂತೂ ಅವಳಿಗೆ ಉಳಿದಿದ್ದು ಅದೊಂದೇ ಹೆಸರು. ಇಲ್ಲಿ ಅವಳು ಕೆಲಿನ್, ಅಂದರೆ ಸೊಸೆ. ಕೆಲಿನ್ ಬಾ, ಕೆಲಿನ್ ಚಹಾ ಹಾಕು, ಕೆಲಿನ್ ದನ ಕಟ್ಟು. ಮಿನಿಬಸ್ ಓಡಿಸುವ ಗಂಡ ಕೂಡ ಮನೆಯವರ ಎದುರಿಗೆ "ಏ, ಇಲ್ನೋಡು" ಎನ್ನುತ್ತಿದ್ದ. ಆರು ವರ್ಷದಲ್ಲಿ ಜಿಪಾರ್ ಎಂದು ಈ ಗೋಡೆಗಳು ಕೇಳಿಯೇ ಇರಲಿಲ್ಲ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ತೀರಿಕೊಂಡ ಮಾವನ ತಮ್ಮ ಕಲಿಬೆಕ್, ಹೆಂಡತಿ ಸಮೇತ, ಹೇಳದೆ ಕೇಳದೆ ಬಂದಿದ್ದ.

"ಕೆಲಿನ್, ದಸ್ತರಖಾನ್ ಹಾಸು," ಅತ್ತೆ ಉಲ್ಕನ್ ಕೂಗಿದಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಟೆಲಿಗ್ರಾಂ ಟೈಪು ಮಾಡಿದ ಹೆಂಗಸು. ಮಂಡಿ ಹೋಗಿದ್ದರೂ ಗಂಟಲು ಹೋಗಿರಲಿಲ್ಲ.

ಜಿಪಾರ್ ಊಟದ ಬಟ್ಟೆಯನ್ನು ನೆಲಕ್ಕೆ ಹಾಸಿ ಬ್ರೆಡ್ಡು, ಬೆಣ್ಣೆ, ಏಪ್ರಿಕಾಟ್ ಜಾಮ್ ಇಟ್ಟು, ಚಹಾದ ಪಾತ್ರೆ ಹಿಡಿದು ಕೂತಳು. ಕೂತ ಜಾಗದಿಂದ ಪರದೆಯ ಸಂದಿಯಲ್ಲಿ ಕಂಪ್ಯೂಟರ್ ಕಾಣುತ್ತಿತ್ತು. ನಮ್ಮಲ್ಲಿ ನೆಂಟರಿಗೆ ಅರ್ಧ ಬಟ್ಟಲು ಚಹಾ ಕೊಡಬೇಕು, ಮುಗಿದಂತೆ ಮತ್ತೆ ಅರ್ಧ. ಅರ್ಧ ಅಂದರೆ ಇನ್ನೂ ಕೂತಿರಿ ಎಂದು. ತುಂಬ ಹಾಕಿದರೆ ಕುಡಿದು ಹೊರಡಿ ಎಂದು. ಎಳೆ ಮಗುವಿಗೂ ಗೊತ್ತಿರುವ ಮಾತು ಇದು.

ಕಲಿಬೆಕ್ ಏಳನೆಯ ಬಟ್ಟಲಿಗೆ ಬಂದಿದ್ದ. ಕುದುರೆ ಕೊಂಡ ಕಥೆ ಇನ್ನೂ ಕುದುರೆಯ ಹಲ್ಲು ನೋಡುವಲ್ಲೇ ಇತ್ತು. ಆಗ ಸರ್ವರ್ ಎದ್ದಿತು. ಹದಿನಾಲ್ಕು ಸಾವಿರ ಇದ್ದದ್ದು ಆರು ಸಾವಿರವಾಯಿತು, ನೋಡುತ್ತಿದ್ದಂತೆ ಎರಡು ಸಾವಿರ. ಸರದಿ ಬಂದಾಗ ಗಂಟೆ ಹೊಡೆಯುತ್ತದೆ, ಮೂರೇ ನಿಮಿಷದಲ್ಲಿ ಹೆಸರು ಬರೆಯಬೇಕು, ತಪ್ಪಿದರೆ ಮತ್ತೆ ಬಾಲಕ್ಕೆ. ಒಂಬೈನೂರು. ಜಿಪಾರಳಿಗೆ ಕುದುರೆಯೂ ಕೇಳಿಸಲಿಲ್ಲ, ಕಲಿಬೆಕ್‌ನೂ ಕೇಳಿಸಲಿಲ್ಲ. ನಾನೂರ ಹತ್ತು.

ಮಾತು ನಿಂತಾಗಲೇ ಅವಳು ಕೆಳಗೆ ನೋಡಿದ್ದು. ಅವಳು ಚಾಚಿದ್ದ ಬಟ್ಟಲಿನಲ್ಲಿ ಚಹಾ ಅಂಚಿನವರೆಗೆ ತುಂಬಿತ್ತು.

ಕಲಿಬೆಕ್ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಅಣ್ಣ ಹೋದ್ಮೇಲೆ ಈ ಮನೇಲಿ ನಮಗೆ ದಾರಿ ತೋರಿಸೋದನ್ನೂ ಕಲ್ತ್ಬಿಟ್ರಾ, ಅತ್ತಿಗೆ?"

ಜಿಪಾರಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಅತ್ತೆ ಬಟ್ಟಲನ್ನು ನೋಡಿದಳು, ಸೊಸೆಯನ್ನು ನೋಡಿದಳು, ಪರದೆಯ ಸಂದಿಯನ್ನೂ ನೋಡಿದಳು.

"ಅವಳನ್ನ ಯಾಕೆ ನೋಡ್ತೀಯ? ತುಂಬ್ಸು ಅಂತ ಸನ್ನೆ ಮಾಡಿದ್ದು ನಾನು," ಎಂದಳು ಉಲ್ಕನ್. "ಮಂಡಿ ಹಿಡ್ಕೊಂಡಿದೆ, ಸ್ವಲ್ಪ ಒರಗ್ಬೇಕು."

"ಅದನ್ನ ಬಾಯಿಬಿಟ್ಟು ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಇನ್ನೊಂದು ಬಟ್ಟಲು ಕೇಳ್ತಿದ್ದೆ."

ಕಲಿಬೆಕ್‌ನ ಹೆಂಡತಿ ನಗು ತಡೆಯಲು ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಕಲಿಬೆಕ್ ನಗಲಿಲ್ಲ. ಅಂಗೈ ಎತ್ತಿ ಅವಸರದ ಒಂದು ಪ್ರಾರ್ಥನೆ ಹೇಳಿ ಮುಖ ಸವರಿಕೊಂಡು ಎದ್ದ. ಈ ಸುದ್ದಿ ವಾರದೊಳಗೆ ನೆಂಟರ ಅಷ್ಟೂ ಮನೆ ಸುತ್ತುತ್ತದೆ, ಎಲ್ಲ ಮನೆಯಲ್ಲೂ ಉಲ್ಕನ್‌ಳ ಹೆಸರೇ ಕೆಡುತ್ತದೆ ಎಂದು ಜಿಪಾರಳಿಗೆ ಗೊತ್ತಿತ್ತು.

ನೆಂಟರನ್ನು ಗೇಟಿನವರೆಗೆ ಬಿಡುವುದು ಸೊಸೆಯ ಕೆಲಸ. ಕಲಿಬೆಕ್ ಬೂಟಿನ ದಾರವನ್ನು ನಿಧಾನವಾಗಿ ಕಟ್ಟಿದ, ಬೇಕೆಂದೇ ಇರಬೇಕು. ಕಾರಿನ ಗಾಜು ಒರೆಸಿದ. ಆಗ ಒಳಗೆ ಗಂಟೆ ಹೊಡೆಯಿತು.

ಮೂರು ನಿಮಿಷ. ಕಾರು ಮೂಲೆ ತಿರುಗುವ ತನಕ ಸೊಸೆ ಬೆನ್ನು ತಿರುಗಿಸುವಂತಿಲ್ಲ. ಕಾರು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಒಂದು ತಪ್ಪನ್ನು ಅತ್ತೆ ತಲೆಯ ಮೇಲೆ ಹೊತ್ತಿದ್ದಾಳೆ, ಇನ್ನೊಂದನ್ನು ಹೇಗೆ ಹೊರಿಸುವುದು? ಜಿಪಾರ್ ತಲೆಬಾಗಿ, ಕೈ ಎದೆಗಿಟ್ಟು ನಿಂತೇ ಇದ್ದಳು. ಕಣ್ಣಲ್ಲಿ ನೀರು ಬಂತು. ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ಓಡಿದಳು.

ಕಂಪ್ಯೂಟರಿನ ಮುಂದೆ ಅತ್ತೆ ಕೂತಿದ್ದಳು. ಕನ್ನಡಕ ಮೂಗಿನ ತುದಿಗಿತ್ತು.

"ಗಂಟೆ ಹೊಡೀತು. ಹೆಸರು ಬರಿ ಅಂತ ಬಂತು. ಹೊತ್ತು ಮುಗೀತಾ ಬಂದಿತ್ತು, ಬರೆದ್ಬಿಟ್ಟೆ."

ತೆರೆಯ ಮೇಲೆ ಬಿಲ್ಲು ಹಿಡಿದ ಹೆಣ್ಣೊಬ್ಬಳು ನಿಂತಿದ್ದಳು. ತಲೆಯ ಮೇಲೆ 'ಜಿಪಾರ್' ಎಂದಿತ್ತು.

ಒಂಬತ್ತು ವರ್ಷದ ಅಕ್‌ಶುಮ್ಕಾರ್ ಹೋಯಿತು. ಅವಳಿಗೆ ಕಿರುಚಬೇಕೆನಿಸಿತು.

"ಯಾಕಮ್ಮ, ತಪ್ಪಾಯ್ತಾ?" ಅತ್ತೆ ಕನ್ನಡಕ ತೆಗೆದಳು. "ನಿನ್ನ ಹೆಸರು ಅದೇ ಅಲ್ವಾ? ಮದುವೆ ದಿನ ನಿಮ್ಮಮ್ಮ ಅಳ್ತಾ ಅಳ್ತಾ ಕರೆದಿದ್ದು ನಂಗೆ ನೆನಪಿದೆ. ನಮ್ಮ ಅತ್ತೆ ಸಾಯೋವರೆಗೂ ನನ್ನನ್ನ ಕೆಲಿನ್ ಅಂತಾನೇ ಕರೆದ್ರು. ನಾನೂ ನಿನಗೆ ಅದೇ ಮಾಡಿದೆ."

ತಂಡದವರ ಸಂದೇಶಗಳಿಗೆ ಫೋನು ಮೇಲಿಂದ ಮೇಲೆ ಗುಂಯ್‌ಗುಟ್ಟುತ್ತಿತ್ತು. 'ಅಕ್‌ಶುಮ್ಕಾರ್ ಅಕ್ಕ ಎಲ್ಲಿ? ಒಳಗೆ ಬಂದ್ರಾ? ಬಾಗಿಲ ಹತ್ರ ನಿಂತಿರೋ ಈ ಜಿಪಾರ್ ಯಾರು?'

ಜಿಪಾರ್ ಆ ಪ್ರಶ್ನೆಯನ್ನು ಎರಡು ಸಲ ಓದಿದಳು. ಆಮೇಲೆ 'ನಾನೇ' ಎಂದು ಬರೆದಳು.

ಹೋಗಿ ಚಹಾದ ಪಾತ್ರೆ ತಂದಳು. ಅತ್ತೆಯ ಬಟ್ಟಲಿಗೆ ಅರ್ಧ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡಳು.