ನೂರೊಂದನೆಯ ಕಡಲೆಕಾಳು

ಗೆಳೆಯರೇ, ಇವತ್ತು ಒಂದೇ ಒಂದು ಕಾಬೂಲಿ ಕಡಲೆಯಿಂದ ಈ ಪರದೇಶದ ಲಿಸ್ಲ್ ಊರಿನ ನಮ್ಮ ಮನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಜಗಳ.

ಶಾಲೆ ಶುರುವಾಗಿ ಇವತ್ತಿಗೆ ನೂರು ದಿನ. ಆ ಸಂಭ್ರಮದ ಗಣಿತದ ಆಟಕ್ಕೆ ಮಕ್ಕಳೆಲ್ಲ ಏನಾದರೂ ನೂರು ಎಣಿಸಿ ಒಯ್ಯಬೇಕಿತ್ತು. ಧಾರವಾಡದಿಂದ ಬಂದಿರುವ ನಮ್ಮತ್ತೆ ಕಡಲೆಕಾಳು ಎಣಿಸಿ ಡಬ್ಬಿಗೆ ತುಂಬಿ ಕೊಟ್ಟಿದ್ದರು. ಒಂದನೇ ಕ್ಲಾಸಿನ ಮಗಳು ಮಧ್ಯಾಹ್ನ ಬಸ್ಸಿಳಿದು ಬಂದವಳೇ ಸಿಡಿದಳು: "ಅಮ್ಮಾ, ಹಂಡ್ರೆಡ್ ಆ್ಯಂಡ್ ಒನ್ ಇತ್ತು! ಎವ್ರಿಬಡಿ ಲಾಫ್ಡ್! ಅಜ್ಜಿ ಕಾಂಟ್ ಕೌಂಟ್!"

ಅತ್ತೆಗೆ ರೇಗಿತು. "ನನಗ ಎಣಸ್ಲಿಕ್ಕೆ ಬರ್ತದ. ನೂರಕ್ಕ ನಿಲ್ಲಿಸಿ ಕೊಡಬಾರದವಾ. ಮುಂದ ಬೆಳೀಲಿ ಅಂತ ಬೇಕಂತನ ಒಂದು ಹೆಚ್ಚಿಗೆ ಹಾಕೀನಿ."

ನಾನು ಇದನ್ನೇ ವಿವರಿಸಿ, ತಪ್ಪಾಯಿತೆಂದು ಟೀಚರಿಗೆ ಇಮೇಲ್ ಬರೆದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ದಯವಿಟ್ಟು ಕ್ಷಮೆ ಕೇಳಬೇಡಿ. ಆ ಕಾಳು ನನ್ನ ಮೇಜಿನ ಮೇಲಿದೆ. ನಾಳೆ ನೂರೊಂದನೆಯ ದಿನ. ಅದಕ್ಕೂ ತಯಾರಾಗಿ ಬಂದವಳು ನಿಮ್ಮ ಮಗಳೊಬ್ಬಳೇ. ನಾಳೆಯ ಪಾಠ ಆ ಕಾಳಿನಿಂದಲೇ ಶುರು."

ಅದನ್ನು ಇಬ್ಬರಿಗೂ ಕನ್ನಡದಲ್ಲಿ ಓದಿ ಹೇಳಿದೆ. ಅತ್ತೆ, "ಶಾಣ್ಯಾಕಿ ಇದ್ದಾಳ," ಎಂದು ಟೀಚರಿಗೆ ಸರ್ಟಿಫಿಕೇಟ್ ಕೊಟ್ಟರು. ಮಗಳು ಮೆಲ್ಲಗೆ ಅಜ್ಜಿಯ ಪಕ್ಕಕ್ಕೆ ಸರಿದಳು.

ಈಗ ಇಬ್ಬರೂ ಕೂತು ಇಲ್ಲಿನ ಶಾಲೆಗಳ ರೂಢಿಯಂತೆ ಕ್ಲಾಸಿನವರಿಗೆಲ್ಲ ಹಂಚಲು ವ್ಯಾಲೆಂಟೈನ್ಸ್ ಡೇ ಕಾರ್ಡ್ ಮಾಡುತ್ತಿದ್ದಾರೆ.

"ಎಷ್ಟು ಮಂದಿ ಹುಡುಗರವಾ?"

"ಟ್ವೆಂಟಿ, ಅಜ್ಜಿ. ಸೋ, ಟ್ವೆಂಟಿ ಒನ್!"

ಇನ್ನು ಈ ಮನೆಯಲ್ಲಿ ಲೆಕ್ಕ ಸರಿಹೋಗುವ ಆಸೆಯನ್ನು ನಾನು ಸಂತೋಷದಿಂದ ಬಿಟ್ಟಿದ್ದೇನೆ.