ಮೈದಾ ಡಬ್ಬ, ಸುಣ್ಣದ ಡಬ್ಬ

ನನ್ನ ಹೆಂಡತಿಗೆ ಕೇಕಿನ ಹುಚ್ಚು ಹಿಡಿದದ್ದು ಕೋಲಾರದ ಒಂದು ಬೇಕರಿಯಲ್ಲಿ. ನೆಂಟರ ಮದುವೆ ಮುಗಿಸಿಕೊಂಡು ಬರುವಾಗ ಬಸ್ಸಿಗೆ ಹೊತ್ತಿದೆಯಲ್ಲ ಎಂದು ಒಂದು ತುಂಡು ಕೊಡಿಸಿದೆ. ನನ್ನ ಗ್ರಹಚಾರ. ವಾಪಸು ಬರುವಾಗ ಶ್ರೀನಿವಾಸಪುರದವರೆಗೂ ಅವಳು ತುಟಿ ಬಿಚ್ಚಲಿಲ್ಲ. ಏನೋ ಕೋಪ ಇರಬೇಕು ಅಂದುಕೊಂಡು ನಾನು ಮಾಡಿದ, ಮಾಡದ ತಪ್ಪುಗಳನ್ನೆಲ್ಲ ನೆನಪಿಸಿಕೊಳ್ಳುತ್ತಿದ್ದೆ. ಆಮೇಲೆ ಅಂದಳು, "ರೀ, ಅದನ್ನ ಮನೇಲೇ ಮಾಡ್ಬೋದು."

ಆಗ ನಾವು ಯಲ್ದೂರಿನಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮದುವೆಯಾಗಿ ಎರಡು ವರ್ಷ, ಮಕ್ಕಳಿರಲಿಲ್ಲ. ಒಬ್ಬ ರೈತರ ಮನೆಯ ಪಕ್ಕದ ಎರಡು ಕೋಣೆ ನಮ್ಮ ಬಾಡಿಗೆ ಮನೆ. ಹಿತ್ತಲು, ಬಾವಿ, ಜಗಲಿ ಎಲ್ಲ ಎರಡೂ ಮನೆಗೆ ಸೇರಿ ಒಂದೇ. ಮನೆಯ ಯಜಮಾನರು ರೇಷ್ಮೆಹುಳ ಸಾಕುತ್ತಿದ್ದರು. ಅವರ ಹೆಂಡತಿಯನ್ನು ನನ್ನವಳು "ಅಕ್ಕ" ಎನ್ನುತ್ತಿದ್ದಳು. ಬರಿಯ ಬಾಯಿಮಾತಿನ ಅಕ್ಕ ಅಲ್ಲ. ಗೊತ್ತುಗುರಿಯಿಲ್ಲದ ಊರಿಗೆ ಬಂದು ಮೊದಲ ಆರು ತಿಂಗಳು ಗೋಡೆ ನೋಡಿಕೊಂಡು ಕೂತಿದ್ದವಳನ್ನು ಕೈಹಿಡಿದು ಎಬ್ಬಿಸಿ, ಹಿಪ್ಪುನೇರಳೆ ಸೊಪ್ಪು ಬಿಡಿಸಲು ತೋಟಕ್ಕೆ ಕರೆದುಕೊಂಡು ಹೋದವಳು ಆಕೆ. ಅಕ್ಕನಿಗೆ ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಯಾರ ಜೊತೆಯಾದರೂ ತೆಲುಗು.

ಕೇಕಿಗೆ ಬೇಕರಿಯಂಥ ಒಲೆ ಎಲ್ಲಿಂದ ತರುವುದು? ಯಾವುದೋ ವಾರಪತ್ರಿಕೆಯಲ್ಲಿ ಉಪಾಯ ಬರೆದಿತ್ತು. ದಪ್ಪ ತಳದ ಪಾತ್ರೆಗೆ ಮರಳು ತುಂಬಿ ಕಾಯಿಸಬೇಕು, ಅದರೊಳಗೆ ಹಿಟ್ಟಿನ ಡಬ್ಬ ಹೂಳಬೇಕು, ಮೇಲೆ ತಟ್ಟೆ ಮುಚ್ಚಿ ಕೆಂಡ ಹಾಕಬೇಕು. ಮರಳು ಯಾರು ತರಬೇಕು? ಮೇಷ್ಟ್ರು. ನಾನು ಭಾನುವಾರ ಕೆರೆಕಾಲುವೆಯಲ್ಲಿ ಕೂತು ಮರಳು ಜರಡಿ ಹಿಡಿಯುತ್ತಿದ್ದರೆ ನನ್ನ ವಿದ್ಯಾರ್ಥಿಗಳು ದಡದ ಮೇಲೆ ನಿಂತು ನೋಡುತ್ತಿದ್ದರು. "ಮನೆ ಕಟ್ಟಿಸ್ತೀರಾ ಸಾರ್?" ಎಂದು ಒಬ್ಬ ಕೇಳಿದ. ಏನು ಹೇಳಲಿ? ಹೌದಪ್ಪಾ ಅಂದೆ.

ಮೊದಲ ಕೇಕು ಹೊರಗೆ ಬಂದಾಗ ನಾನು ಒಳ್ಳೆಯ ಗಂಡನಂತೆ "ಚೆನ್ನಾಗಿದೆ" ಅಂದೆ. ನನ್ನವಳ ಮುಖ ಊದಿಕೊಂಡಿತು. ಅಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು, "ಮೇಲೆ ಸುಟ್ಟ ರೊಟ್ಟಿ, ಒಳಗೆ ಅಂಬಲಿ. ಒಂದೇ ಡಬ್ಬದಲ್ಲಿ ಎರಡು ಅಡುಗೆ ಮಾಡಿದೀಯಲ್ಲೇ!" ಅಂದಳು. ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊಗಳಿದವನಿಗೆ ಊದಿದ ಮುಖ, ತೆಗಳಿದವಳಿಗೆ ನಗು. ಈ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಎರಡನೆಯದು ಉಬ್ಬಲಿಲ್ಲ. ಮೂರನೆಯದರೊಳಗೆ ಮರಳು ಬಿದ್ದು ನನ್ನ ಒಂದು ದವಡೆಹಲ್ಲು ಅಲ್ಲಾಡಿತು. ನಾಲ್ಕನೆಯದನ್ನು ಅಕ್ಕನ ಎಮ್ಮೆಗೆ ಹಾಕಿದರು, ಅದು ಮೂಸಿ ನೋಡಿ ನನ್ನ ಕಡೆ ತಿರುಗಿತು. ಮೊಟ್ಟೆ ಅಕ್ಕನ ಕೋಳಿಯದು, ಬೆಣ್ಣೆ ಅಕ್ಕನ ಎಮ್ಮೆಯದು, ಮೈದಾ ಸಕ್ಕರೆ ನನ್ನ ಸಂಬಳದ್ದು. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಅವಳು ನಗುವುದನ್ನು ನಾನು ಕೇಳುತ್ತಿದ್ದದ್ದೇ ಆ ಹಿತ್ತಲಿನಿಂದ.

ಇನ್ನು ಯಜಮಾನರ ವಿಷಯ. ಹುಳ ಮನೆಯಲ್ಲಿದ್ದಷ್ಟು ದಿನ ಆ ಮನೆಯಲ್ಲಿ ಒಗ್ಗರಣೆ ಚಟಪಟ ಅನ್ನುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಬೀಡಿಯ ಮಾತೇ ಇಲ್ಲ. ಹುಳಕ್ಕೆ ಘಾಟು ತಾಗಬಾರದು. ಅದಕ್ಕೇ ನಮ್ಮ ಕೇಕಿನ ಕೆಲಸವೂ ಹಿತ್ತಲಿನ ತುದಿಯಲ್ಲಿ, ಬಾವಿಯ ಆಚೆ. ನನಗೋ ನಶ್ಯದ ಚಟ. ಒಂದು ಸಲ ಕುತೂಹಲಕ್ಕೆ ಹುಳದ ಕೋಣೆಗೆ ಕಾಲಿಟ್ಟು, ತಟ್ಟೆಗಳ ಮೇಲೆ ಬಗ್ಗಿ ನೋಡುತ್ತಿದ್ದಾಗ ಸೀನು ಬಂತು. ಒಂದಲ್ಲ, ಏಳು. ಯಜಮಾನರು ನನ್ನ ರಟ್ಟೆ ಹಿಡಿದು ಹೊರಗೆ ತಂದರು. "ಮೇಷ್ಟ್ರೇ, ಇನ್ನೊಂದು ಸಲ ನಿಮ್ಮಿಂದ ನನ್ನ ಹುಳಕ್ಕೆ ತೊಂದ್ರೆ ಆಯ್ತೋ, ಅವತ್ತೇ ಮನೆ ಖಾಲಿ ಮಾಡ್ಬೇಕು. ನಾನು ಎರಡು ಮಾತಾಡೋನಲ್ಲ." ಅವರು ನಿಜವಾಗಿಯೂ ಎರಡು ಮಾತಾಡುವವರಲ್ಲ.

ಆ ದಿನ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಮೇಯುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತು. ಆಗ ಅದನ್ನು ಮುಟ್ಟಬಾರದು, ಅಲುಗಿಸಬಾರದು. ತಟ್ಟೆ ಒಣಗಿರಲಿ ಎಂದು ಮೇಲೆ ನುಣ್ಣನೆಯ ಸುಣ್ಣದ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಉದುರಿಸುತ್ತಾರೆ. ಅಕ್ಕನ ಸುಣ್ಣ ಜರಡಿ ಹಿಡಿದದ್ದು ನಮ್ಮ ಮೈದಾ ಜರಡಿಯಲ್ಲಿ. ಒಬ್ಬಳದು ಮುಗಿದ ಮೇಲೆ ಜರಡಿ ತೊಳೆದು ಒರೆಸಿ ಇನ್ನೊಬ್ಬಳು. ಸುಣ್ಣ ಒಂದು ಹಾಲಿನಪುಡಿ ಡಬ್ಬಕ್ಕೆ, ಸೋಡಾ ಬೆರೆಸಿದ ಮೈದಾ ಇನ್ನೊಂದು ಹಾಲಿನಪುಡಿ ಡಬ್ಬಕ್ಕೆ. ಡಬ್ಬಗಳೂ ಅವರ ಹಾಗೆ ಜೋಡಿ. ಎರಡನ್ನೂ ಜಗಲಿಯ ಮೇಲಿಟ್ಟು, ಕೊಡ ಎತ್ತಿಕೊಂಡು ಕುಡಿಯುವ ನೀರಿಗೆ ಊರಬಾವಿಗೆ ಹೊರಟರು. ಹೋಗುತ್ತಾ ನನ್ನವಳು ಕೂಗಿ ಹೇಳಿದಳು, "ರೀ, ಸುಣ್ಣದ ಡಬ್ಬ ಅಕ್ಕನ ಬಾಗಿಲಲ್ಲಿಡಿ, ಯಜಮಾನ್ರು ಕಾಯ್ತಿದ್ದಾರೆ. ಮೈದಾ ಒಳಗಿಡಿ."

ಎರಡೂ ಮುಚ್ಚಳ ತೆಗೆದು ನೋಡಿದೆ. ಎರಡೂ ಬಿಳಿ. ಮೂಸಿ ನೋಡೋಣವೆಂದರೆ ನಶ್ಯ ತಿಂದುಹಾಕಿದ ಮೂಗಿಗೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಮುಟ್ಟಿ ನೋಡಬಹುದಿತ್ತು. ಮುಟ್ಟಲಿಲ್ಲ. ಗಣಿತದವನಲ್ಲವೇ, ಯೋಚನೆ ಮಾಡಿದೆ. ಸುಣ್ಣ ಗೂಡಿನಲ್ಲಿ ಸುಟ್ಟದ್ದು, ಬೂದಿಬಣ್ಣ ಇದ್ದೇ ಇರುತ್ತದೆ. ಮೈದಾ ತಿನ್ನುವ ಪದಾರ್ಥ, ಅಚ್ಚಬಿಳಿ ಇರಬೇಕು. ಆದ್ದರಿಂದ ಹೆಚ್ಚು ಬೆಳ್ಳಗಿರುವುದೇ ಮೈದಾ. ಇಷ್ಟು ಸಾಧಿಸಿ, ಹೆಚ್ಚು ಬೆಳ್ಳಗಿದ್ದುದನ್ನು ನಮ್ಮ ಅಡುಗೆಮನೆಯಲ್ಲಿಟ್ಟು, ಇನ್ನೊಂದನ್ನು ಅಕ್ಕನ ಬಾಗಿಲಲ್ಲಿಟ್ಟು ಬಂದೆ. ಯಜಮಾನರಿಗೆ ಬಸ್ಸಿನ ಅವಸರ. ಕತ್ತಲೆ ಕೋಣೆಯಲ್ಲಿ ಗಡಿಬಿಡಿಯಿಂದ ಉದುರಿಸಿ, ಕೈ ಒರೆಸಿಕೊಂಡು ಶ್ರೀನಿವಾಸಪುರಕ್ಕೆ ಹೊರಟೇಹೋದರು.

ನನ್ನವಳು ಬಂದು ಡಬ್ಬಕ್ಕೆ ಕೈಹಾಕಿದ ಕೂಡಲೇ "ಅಯ್ಯಯ್ಯೋ" ಅಂದಳು. ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸೆರಗು ಕಟ್ಟಿ ಅಕ್ಕನ ಮನೆಗೆ ಓಡಿದಳು.

ಮೂವರೂ ಹುಳದ ಕೋಣೆಯ ಬಾಗಿಲಲ್ಲಿ ನಿಂತೆವು. ತಟ್ಟೆತಟ್ಟೆಯ ಮೇಲೂ ಕೇಕಿನ ಹಿಟ್ಟು. ಹುಳಗಳು ತಲೆ ಎತ್ತಿಕೊಂಡು ಸುಮ್ಮನೆ ಕೂತಿದ್ದವು. ಊದುವ ಹಾಗಿಲ್ಲ, ಗುಡಿಸುವ ಹಾಗಿಲ್ಲ, ಎತ್ತುವ ಹಾಗಿಲ್ಲ. "ಏನಾದ್ರೂ ಮಾಡೋಣ ಅಕ್ಕ" ಎಂದು ನನ್ನವಳು ಅಳುವ ದನಿಯಲ್ಲಿ ಅಂದಳು. "ಏನು ಮಾಡ್ತೀಯೇ? ಅವು ಏಳೋವರ್ಗೂ ಕಾಯ್ಬೇಕು, ಅಷ್ಟೇ" ಎಂದು ಅಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. ಇಪ್ಪತ್ತು ದಿನ ಹೊತ್ತುಹೊತ್ತಿಗೆ ಸೊಪ್ಪು ಕೊಯ್ದು, ಹೆಚ್ಚಿ, ಕೂಸಿನ ಹಾಗೆ ಸಾಕಿದ ಹುಳ. ಇನ್ನೊಂದು ವಾರ ಮೇಯ್ದರೆ ಗೂಡು ಕಟ್ಟುತ್ತಿದ್ದವು. ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಒಂದು ಮಾತು, "ನಾನೇ ಕಣಮ್ಮ ಇಟ್ಟದ್ದು" ಎಂಬ ಒಂದೇ ಮಾತು, ಆಗಲೇ ಹೇಳಬಹುದಿತ್ತು.

ಸಂಜೆ ಯಜಮಾನರು ಬಂದರು, ನೋಡಿದರು. "ಯಾರು ಇಟ್ಟಿದ್ದು ಈ ಡಬ್ಬ?" ಎಂದು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ನನ್ನವಳು ಮುಂದೆ ಬಂದಳು. "ನಾನೇ ಅಣ್ಣ. ಗಮನ ಇರ್ಲಿಲ್ಲ." ಹೆಂಗಸಿನ ಮೇಲೆ, ಅದೂ ಹೆಂಡತಿಯ ತಂಗಿಯಂತಿದ್ದವಳ ಮೇಲೆ, ಅವರು ಕೂಗಾಡಲಾರರು. ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ತೋಟದ ಕಡೆ ಹೋದರು. ಬಾಯಿ ತೆರೆದವನು ನಾನು ಹಾಗೇ ಮುಚ್ಚಿಕೊಂಡೆ. ಹೇಡಿ ಅನ್ನಿ, ಬೇಡ ಅನ್ನುವುದಿಲ್ಲ.

ಮರುದಿನ ಹುಳ ಎದ್ದವು. ಮೇಲೆ ಹೊಸ ಸೊಪ್ಪು ಹಾಸಿದರು. ಹಸಿದ ಹುಳ ಹತ್ತಿ ಬಂದವು, ಹಿಟ್ಟು ಕೆಳಗೇ ಉಳಿಯಿತು. ಆದರೆ ಗೋಡೆಬದಿಯ ತಟ್ಟೆಗಳಲ್ಲಿ ತೇವಕ್ಕೆ ಮೈದಾ ಅಂಟಾಗಿ, ಪೊರೆ ಕಳಚಲಾರದೆ ಹುಳಗಳು ಅಲ್ಲೇ ಸತ್ತವು. ಮೂರರಲ್ಲಿ ಒಂದು ಪಾಲು ಹೋಯಿತು. ಅಕ್ಕ ಮಂಕರಿಯಲ್ಲಿ ತುಂಬಿ ತಿಪ್ಪೆಯ ಹತ್ತಿರ ಗುಂಡಿ ತೋಡಿ ಹೂಳಿದಳು. ನನ್ನವಳು ಗುದ್ದಲಿ ಹಿಡಿಯಲು ಹೋದರೆ, "ಚಾಲ್ಲೇ, ಸಾಕು ಬಿಡು" ಎಂದು ಕಸಿದುಕೊಂಡಳು.

ಅಲ್ಲಿಗೆ ಮಾತು ನಿಂತಿತು. ಒಂದೇ ಬಾವಿ, ಒಂದೇ ಜಗಲಿ, ಆದರೆ ಒಬ್ಬಳು ಬಂದರೆ ಇನ್ನೊಬ್ಬಳು ಒಳಗೆ. ಒಂದು ವಾರ, ಎರಡು ವಾರ, ಮೂರು ವಾರ. ಮರಳಿನ ಪಾತ್ರೆ ಬಾವಿಯ ಆಚೆ ಹಾಗೇ ಬಿದ್ದಿತ್ತು. ನನ್ನವಳು ಅನ್ನ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಮತ್ತೆ ಗೋಡೆ ನೋಡಿಕೊಂಡು ಕೂರುತ್ತಿದ್ದಳು. ನನಗೆ ನೋಡಿ ಸಂಕಟವಾಗುತ್ತಿತ್ತು. ನಿಜ ಹೇಳಿಬಿಡುತ್ತೇನೆ, ಸಂಕಟದ ಜೊತೆಗೆ ಒಂದಿಷ್ಟು ಹಿಗ್ಗೂ ಇತ್ತು. ನನಗೋಸ್ಕರ ತಪ್ಪು ತಲೆಯ ಮೇಲೆ ಹೊತ್ತುಕೊಂಡಳಲ್ಲ, ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದು ಕ್ಲಾಸಿನಲ್ಲಿ ಲೆಕ್ಕ ಬರೆಯುತ್ತಾ ಬರೆಯುತ್ತಾ ಕಣ್ಣು ಮಂಜಾಗುತ್ತಿತ್ತು.

ಕೊನೆಗೆ ಒಂದು ಶನಿವಾರ ಮಧ್ಯಾಹ್ನ, ಯಜಮಾನರು ಊರಲ್ಲಿಲ್ಲದ ಹೊತ್ತು ನೋಡಿ, ಅಕ್ಕನ ಮುಂದೆ ಹೋಗಿ ನಿಂತೆ. ಅವಳು ಹೊಸ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು. "ಡಬ್ಬ ಇಟ್ಟಿದ್ದು ನಾನಮ್ಮ. ಅವಳಲ್ಲ" ಅಂದೆ.

ಅವಳು ತಲೆ ಎತ್ತಲಿಲ್ಲ. "ಗೊತ್ತು ಮೇಷ್ಟ್ರೇ. ಮುಚ್ಚಳದ ಮೇಲೆ ನಿಮ್ಮ ನಶ್ಯದ ಬೆರಳಿನ ಗುರುತು ಇತ್ತು. ನಮ್ಮೋರು ನೋಡೋದ್ರೊಳಗೆ ನಾನೇ ಸೆರಗಲ್ಲಿ ಒರ್ಸಿದ್ದು."

"ಮತ್ತೆ ಅವಳ ಮೇಲೆ ಯಾಕಮ್ಮ ಕೋಪ?"

"ಹುಳ ಹೋದ್ರೆ ಇನ್ನೊಂದು ಬೆಳೆ ಬರ್ತದೆ. ಗಂಡಸರ ಮುಂದೆ ಸುಳ್ಳು ಹೇಳಿದ್ಲು, ಹೇಳ್ಲಿ. ಆಮೇಲೆ ನಾವಿಬ್ರೇ ಇದ್ದಾಗ ಎರಡು ಸಲ ಕೇಳ್ದೆ. ‘ನಾನೇ ಅಕ್ಕ’ ಅಂದ್ಲು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಅಂದ್ಲು. ಅವಳಿಗೆ ಗಂಡನೇ ಹೆಚ್ಚು, ಪೋನೀ, ಇರ್ಲಿ. ನಾನ್ಯಾರು ಅವಳಿಗೆ?" ಮಚ್ಚಿನ ಏಟು ಜೋರಾಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಅಕ್ಕಿಯ ಮೊರ ಕೆಳಗೆ ಕುಕ್ಕಿದಳು.

"ನಿಮಗೋಸ್ಕರಾನಾ? ನಿಮಗೋಸ್ಕರ ಯಾರು ಸುಳ್ಳು ಹೇಳಿದ್ರು? ನೀವು ಅಂತ ಗೊತ್ತಾಗಿದ್ರೆ ಅವತ್ತೇ ಮನೆ ಖಾಲಿ ಮಾಡಿಸ್ತಿದ್ರು. ಅಕ್ಕನಿಗೆ ಹೇಳಿದ್ರೆ ಅವಳು ಗಂಡನ ಹತ್ರ ಮುಚ್ಚಿಟ್ಕೊಂಡು ಒದ್ದಾಡ್ಬೇಕಾಗಿತ್ತು. ಗಂಡ ಅನ್ನೋನು ಯಾವ ಊರಿಗೆ ಹೋದ್ರೂ ಜೊತೆಗೆ ಬಂದೇ ಬರ್ತಾನೆ. ಅಕ್ಕ ಬರ್ತಾಳಾ?" ಉಸಿರು ತೆಗೆದುಕೊಂಡು ಅಂದಳು, "ಹೋಗಿ ಹೇಳಿ ಅವಳಿಗೆ. ಇದೇ ಮಾತು, ಹೀಗೇ ಹೇಳಿ."

ಹೋದೆ. ಇನ್ನೇನು ಮಾಡಲಿ? ಅದೇ ಜಾಗದಲ್ಲಿ ನಿಂತು, ನನ್ನ ಹೆಂಡತಿ ಸುಳ್ಳು ಹೇಳಿದ್ದು ನನಗೋಸ್ಕರ ಅಲ್ಲವಂತೆ, ನಿಮಗೋಸ್ಕರವಂತೆ ಎಂದು ನನ್ನ ಬಾಯಿಂದಲೇ ಒಪ್ಪಿಸಿದೆ. ಗಂಡ ಜೊತೆಗೆ ಬರುವ ಮಾತು, ಅಕ್ಕ ಬಾರದ ಮಾತು, ಒಂದನ್ನೂ ಬಿಡಲಿಲ್ಲ. ಅಕ್ಕ ಮಚ್ಚು ಕೆಳಗಿಟ್ಟಳು. ನನ್ನನ್ನು ಪಕ್ಕಕ್ಕೆ ಸರಿಸಿ ನಮ್ಮ ಮನೆಯೊಳಗೆ ಹೋದಳು. ಮೊದಲು ತೆಲುಗಿನಲ್ಲಿ ಬೈಗುಳ ಕೇಳಿಸಿತು, ಆಮೇಲೆ ಇಬ್ಬರ ಅಳು. ನಾನು ಹೊರಗೇ ನಿಂತು ಅರ್ಧ ಹೆಚ್ಚಿದ ಸೊಪ್ಪನ್ನು ಎಮ್ಮೆ ತಿನ್ನದ ಹಾಗೆ ಕಾಯುತ್ತಿದ್ದೆ.

ಮುಂದಿನ ಜೂನ್‌ನಲ್ಲಿ ನನಗೆ ಮುಳಬಾಗಿಲು ತಾಲ್ಲೂಕಿನ ನಂಗಲಿಗೆ ವರ್ಗವಾಯಿತು. ಜೀವಮಾನದಲ್ಲಿ ಯಾರ ಮುಂದೆಯೂ ಕೈಮುಗಿಯದವನು ವರ್ಗ ರದ್ದು ಮಾಡಿಸಲು ಕೋಲಾರದ ಆಫೀಸಿಗೆ ಮೂರು ಸಲ ಅಲೆದೆ. ಅರ್ಜಿಯಲ್ಲಿ ಕಾರಣ ಬರೆಯಬೇಕಿತ್ತು. ‘ಕೌಟುಂಬಿಕ’ ಎಂದು ಬರೆದೆ.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ವಯಸ್ಸಾದ ತಂದೆತಾಯಿ ಇದ್ದಾರೇನ್ರೀ ಅಲ್ಲಿ?"

"ಇಲ್ಲ ಸಾರ್."

"ಮಕ್ಕಳ ಓದು?"

"ಮಕ್ಕಳಿಲ್ಲ ಸಾರ್."

"ಮತ್ತೆ ಯಾರಿಗೋಸ್ಕರ?"

"ಪಕ್ಕದ ಮನೆಯವರಿಗೋಸ್ಕರ ಸಾರ್" ಅಂದೆ. ಅವರು ನಕ್ಕು ಅರ್ಜಿಯನ್ನು ವಾಪಸು ಕೊಟ್ಟರು. ನಾನು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಸಾಮಾನು ತುಂಬಿದ ಲಾರಿ ಯಲ್ದೂರು ಬಿಡುವಾಗ ಅಕ್ಕ ಬಾಗಿಲಿಗೆ ಬರಲಿಲ್ಲ. ಬಂದರೆ ಇವಳು ಇಳಿದುಬಿಡುತ್ತಾಳೆ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರಂತೆ. ನನ್ನವಳು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಮುಳಬಾಗಿಲು ದಾಟುವವರೆಗೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ನೋಡುತ್ತಲೇ ಇದ್ದಳು. ಅವಳ ಪಕ್ಕದಲ್ಲಿ ನಾನು ಕೂತಿದ್ದೆ.