ನೊಎಮಿಯ ಕೋಣೆ ಜೈಲಲ್ಲ

ಮಗ್ದಲೇನಾ ನದಿ ದಂಡೆಯ ನಮ್ಮ ಪುರಸಭೆಯಲ್ಲಿ ಯಾರೇ ತಪ್ಪು ಮಾಡಲಿ, ಮೇಯರ್ ಎವೆಲಿಯೊ ಅವರದು ಒಂದೇ ಶಿಕ್ಷೆ: "ದಾಖಲೆ ಕೋಣೆಗೆ ಹೋಗು!" ಕುಡಿದು ಕೆಲಸಕ್ಕೆ ಬಂದವನು, ಮೇಯರ್ ಹೆಂಡತಿಯ ಟೋಪಿ ನೋಡಿ ನಕ್ಕವಳು, ಎಲ್ಲರೂ ಅಲ್ಲಿಗೇ. ಹೋದವರು ಕಡತಗಳ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.

ಆ ಕೋಣೆಯ ಒಡತಿ ನೊಎಮಿ ಅಟೆನ್ಸಿಯಾ. ದಪ್ಪ ದನಿ, ತುಟಿಗೆ ಸದಾ ಕಡುಗೆಂಪು ಬಣ್ಣ. ನಾನು ಕಂದಾಯದ ಮೇಜಿನವನು. ಅವಳ ಬೈಗುಳವೆಲ್ಲ ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು.

ಚಾಲಕ ರುಬಿಯೆಲ್ ಚರ್ಚಿನ ಗೋಡೆಗೆ ಜೀಪು ಗುದ್ದಿಸಿದಾಗ ಅವನ ಸರದಿ ಬಂತು.

"ಅಕ್ಕಾ, ನನಗೆಷ್ಟು ದಿನ?"

"ಎಷ್ಟು ದಿನ ಅಂದ್ರೆ? ಇದೇನು ಜೈಲೇನೋ?"

"ಮತ್ತೆ ಕಿಟಕಿಗೆ ಸರಳು ಯಾಕಿದೆ?"

ಆ ಮಾತು ನೊಎಮಿಗೆ ಮುಳ್ಳಿನಂತೆ ನಾಟಿತು. ವಕೀಲರಿಗಿರುವಂತೆ ದಾಖಲೆ ನೋಡಿಕೊಳ್ಳುವವರಿಗೂ ವೃತ್ತಿ ಕಾರ್ಡು ಕೊಡುತ್ತಾರೆಂದು ಅವಳು ಕೇಳಿದ್ದಳು. ಅದಕ್ಕೆ ಪದವಿ ಬೇಕು. ಮೊಮ್ಮಗುವನ್ನು ಎತ್ತಿಕೊಂಡೇ ಅಂಚೆಯಲ್ಲಿ ಕಲಿಸುವ ಪದವಿ ಪಾಠಕ್ಕೆ ಹೆಸರು ಕೊಟ್ಟಳು. ಯಾವ ಕಾಗದ ಉಳಿಸಬೇಕು, ಯಾವುದನ್ನು ಎಸೆಯಬೇಕು ಎಂದು ಗಟ್ಟಿಯಾಗಿ ಓದುತ್ತಿದ್ದಳು. ರುಬಿಯೆಲ್ ಪ್ರಶ್ನೆ ಕೇಳುತ್ತಿದ್ದ. ಅವನನ್ನು ಅಲ್ಲಿಗೆ ಅಟ್ಟಿದ್ದನ್ನೇ ಮೇಯರು ಮರೆತಿದ್ದರು.

ಕೆಲವು ವರ್ಷಗಳ ಮೇಲೆ ಅಂತೂ ಪದವಿ ಸಿಕ್ಕಿ ಕಾರ್ಡು ಬಂತು. ಅದನ್ನು ಕೊರಳಿಗೆ ಹಾಕಿಕೊಂಡೇ ಚರ್ಚಿಗೆ ಹೋದಳು, ಸಂತೆಗೂ ಹೋದಳು. ಬಾಳೆಕಾಯಿ ಮಾರುವವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಏನೇ ಅದು, ಬಸ್ ಪಾಸಾ?"

"ನಿನ್ನ ತಲೆ! ನಾನೀಗ ಪದವೀಧರೆ ಕಣೇ!"

ಮರುವಾರ ಮೇಯರ ಬಾಮೈದ ಕಚೇರಿಯ ಫ್ಯಾನು ಬಿಚ್ಚಿ ಮನೆಗೊಯ್ದು ಸಿಕ್ಕಿಬಿದ್ದ. ಮಾಮೂಲಿನಂತೆ ಶಿಕ್ಷೆಯಾಯಿತು. ನೊಎಮಿ ಬಾಗಿಲಿಗೆ ಅಡ್ಡ ನಿಂತಳು.

"ಕಾರ್ಡು ತೋರಿಸು."

"ಯಾವ ಕಾರ್ಡು?"

ಗಲಾಟೆ ಕೇಳಿ ಮೇಯರೇ ಬಂದರು. "ನೊಎಮಿ, ದಾರಿ ಬಿಡು."

"ಸಾಹೇಬ್ರೇ, ಇವನ ಕೈಗೆ ಡಾಕ್ಟರ ಕತ್ತಿ ಕೊಟ್ಟು ಹೊಟ್ಟೆ ಕೊಯ್ಸಿಕೊಳ್ತೀರಾ? ಇಲ್ವಲ್ಲ! ಇದೂ ಓದಿದವರು ಮಾಡೋ ಕೆಲ್ಸ. ಕಾಯ್ದೆ ಇದೆ."

ಮೇಯರು ತಮ್ಮ ಹಿಂದೆಯೇ ಬಂದಿದ್ದ ಪುರಸಭೆಯ ವಕೀಲರ ಮುಖ ನೋಡಿದರು. ವಕೀಲರು ಆ ಕಾಯ್ದೆಯನ್ನು ಕಣ್ಣಲ್ಲೂ ಕಂಡವರಲ್ಲ. ಹಾಗೆಂದು ಒಪ್ಪಿಕೊಳ್ಳುವುದುಂಟೇ?

"ಇದೆ, ಇದೆ. ಬಹಳ ಬಿಗಿ ಕಾಯ್ದೆ!"

ಮೇಯರ ಕಣ್ಣು ಮೂಲೆಯಲ್ಲಿದ್ದ ರುಬಿಯೆಲ್ ಮೇಲೆ ಬಿತ್ತು. "ಹಾಗಾದ್ರೆ ಇವನು?"

"ಇವನಾ? ಓದ್ತಿದ್ದಾನೆ. ಮೊದಲನೇ ವರ್ಷ."

ಅದು ರುಬಿಯೆಲ್‌ಗೂ ಹೊಸ ಸುದ್ದಿ. ಆದರೂ ಗಂಭೀರವಾಗಿ ತಲೆಯಾಡಿಸಿದ. ಅವಳಾಡಿದ ಮಾತಿಗೆ ಕಟ್ಟುಬಿದ್ದು ಆಮೇಲೆ ನಿಜಕ್ಕೂ ಅದೇ ಪಾಠಕ್ಕೆ ಹೆಸರು ಕೊಟ್ಟ. ಬಾಮೈದನನ್ನು ಸ್ಮಶಾನದ ಉಸ್ತುವಾರಿಗೆ ಹಾಕಿದರು. ಅಲ್ಲಿಂದ ಈವರೆಗೆ ಒಂದು ದೂರೂ ಬಂದಿಲ್ಲ.

ಸುದ್ದಿ ದೋಣಿ ಹತ್ತಿ ನದಿಯುದ್ದಕ್ಕೂ ಹೋಯಿತು. ಸುತ್ತಲ ಊರುಗಳ ದಾಖಲೆ ಕೋಣೆಗಳಲ್ಲಿ ಕೊಳೆಯುತ್ತಿದ್ದವರು ಒಬ್ಬೊಬ್ಬರಾಗಿ ನೊಎಮಿಯನ್ನು ಹುಡುಕಿಕೊಂಡು ಬಂದರು. ಕೊನೆಗೆ ಅವಳ ಅಂಗಳದ ಮಾವಿನ ಮರದಡಿ ದಾಖಲೆ ನೋಡಿಕೊಳ್ಳುವವರ ಒಂದು ಸಂಘವೇ ಹುಟ್ಟಿತು. ಅಧ್ಯಕ್ಷೆಯಾಗಿ ಅವಳು ಹಣೆಯ ಬೆವರು ಒರೆಸಿಕೊಳ್ಳುತ್ತಾ ಭಾಷಣ ಮಾಡಿದಳು, ಅತ್ತಳು, ಆಮೇಲೆ ಎಲ್ಲರಿಗೂ ಹುರಿದ ಮೀನು ಬಡಿಸಿದಳು. ಮೀನು ಬಹಳ ಚೆನ್ನಾಗಿತ್ತು. ಸಭೆಯ ನಡಾವಳಿ ಬರೆದಿಡಲು ಮಾತ್ರ ಎಲ್ಲರೂ ಮರೆತಿದ್ದರು.